ಕ್ಯೂಸೆಕ್: ಅರ್ಥ, ಲೆಕ್ಕ ಮತ್ತು ಅಳತೆಯ ಸಮಗ್ರ ಮಾರ್ಗದರ್ಶಿ

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್, ತಮಿಳುನಾಡಿಗೆ ಹತ್ತು ದಿನಗಳ ಕಾಲ 15,000 ಕ್ಯೂಸೆಕ್ ಪ್ರಮಾಣದಲ್ಲಿ ಕಾವೇರಿ ನೀರು ಬಿಡಬೇಕೆಂದು ಆದೇಶಿಸಿತು. ಈ ಲೆಕ್ಕದಲ್ಲಿ ಒಟ್ಟು ಎಷ್ಟು ನೀರು ಹೋಗುತ್ತದೆ ಎಂದು ಕೇಳಿದರೆ, ಹದಿನೈದು ಸಾವಿರವನ್ನು ಹತ್ತರಿಂದ ಗುಣಿಸಿ ‘ಒಂದೂವರೆ ಲಕ್ಷ ಕ್ಯೂಸೆಕ್’ ಎನ್ನುವವರೇ ಹೆಚ್ಚು. ಆ ಉತ್ತರ ತಪ್ಪು. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸು ಮೂರು ಗಂಟೆ ಓಡಿದರೆ ಅದರ ವೇಗ 180 ಆಗುವುದಿಲ್ಲ, ಕ್ರಮಿಸಿದ ದೂರ 180 ಆಗುತ್ತದೆ. ಹಾಗೆಯೇ 15,000 ಕ್ಯೂಸೆಕ್ ಹತ್ತು ದಿನ ಹರಿದರೂ ಅದು 15,000 ಕ್ಯೂಸೆಕ್ಕೇ. ಹರಿದುಹೋದ ನೀರು ಮಾತ್ರ 12.96 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ).

ಕ್ಯೂಸೆಕ್ ನೀರಿನ ಪ್ರಮಾಣವಲ್ಲ, ಹರಿವಿನ ದರ. ಅದನ್ನು ಕಾಲದಿಂದ ಗುಣಿಸಿದಾಗಷ್ಟೇ ನೀರಿನ ಪ್ರಮಾಣ ಸಿಗುತ್ತದೆ. ಇದೊಂದು ಮನಸ್ಸಿಗೆ ಹತ್ತಿದರೆ ಮುಂದಿನ ಲೆಕ್ಕಗಳೆಲ್ಲ ಸಲೀಸು.

ಒಂದು ಕ್ಯೂಸೆಕ್ ಎಂದರೆ ಎಷ್ಟು?

‘ಕ್ಯೂಬಿಕ್ ಫುಟ್ ಪರ್ ಸೆಕೆಂಡ್’ ಎಂಬುದನ್ನು ಚಿಕ್ಕದು ಮಾಡಿದ ಪದ ಕ್ಯೂಸೆಕ್. ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಅಡಿ ಅಗಲದ ನೇರ ಕಾಲುವೆಯಲ್ಲಿ ಒಂದು ಅಡಿ ಆಳ ನೀರಿದ್ದು, ಆ ನೀರು ಸೆಕೆಂಡಿಗೆ ಒಂದು ಅಡಿಯಷ್ಟು ಮುಂದೆ ಸಾಗುತ್ತಿದ್ದರೆ ಅದು ಒಂದು ಕ್ಯೂಸೆಕ್. ಲೀಟರಿನಲ್ಲಿ ಹೇಳುವುದಾದರೆ ಸೆಕೆಂಡಿಗೆ 28.32 ಲೀಟರ್, ಅಂದರೆ ಹದಿನೈದು ಲೀಟರಿನ ಎರಡು ಕೊಡಗಳಿಗೆ ತುಸು ಕಡಿಮೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಈ ಹರಿವಿನಲ್ಲಿ ಆರು ನಿಮಿಷದೊಳಗೆ ತುಂಬುತ್ತದೆ.

ಅಗಲ ಎರಡು ಅಡಿ, ಆಳ ಅರ್ಧ ಅಡಿ, ವೇಗ ಸೆಕೆಂಡಿಗೆ ಒಂದು ಅಡಿ ಇದ್ದರೂ ಒಂದು ಕ್ಯೂಸೆಕ್ಕೇ. ಹರಿವಿನ ಅಡ್ಡ ಸೀಳಿನ ಕ್ಷೇತ್ರವನ್ನು ವೇಗದಿಂದ ಗುಣಿಸಿದರೆ ಹರಿವು. ಪಕ್ಕದ ಹಳ್ಳವೇ ಇರಲಿ, ಕೃಷ್ಣಾ ನದಿಯೇ ಇರಲಿ, ಸೂತ್ರ ಇದೇ. ನದಿ ಉಕ್ಕಿ ಅಗಲವಾಗಿ ಕಂಡ ಮಾತ್ರಕ್ಕೆ ಹರಿವು ಹೆಚ್ಚಿದೆ ಎನ್ನಲಾಗದು. ಅಣೆಕಟ್ಟೆಯ ಹಿನ್ನೀರು ಸಮುದ್ರದಂತೆ ಹರಡಿಕೊಂಡಿದ್ದರೂ ಅಲ್ಲಿ ವೇಗ ಸೊನ್ನೆಯ ಹತ್ತಿರ ಇರುತ್ತದೆ.

ಕೈಗೆ ಸಿಗುವಂತಿರಬೇಕಾದ ಅಂಕಿಗಳು ಇವಿಷ್ಟು:

- 1 ಕ್ಯೂಸೆಕ್ ಒಂದು ದಿನ ಹರಿದರೆ 86,400 ಘನ ಅಡಿ, ಅಂದರೆ ಸುಮಾರು 24.47 ಲಕ್ಷ ಲೀಟರ್.
- 1 ಕ್ಯೂಮೆಕ್, ಅಂದರೆ ಸೆಕೆಂಡಿಗೆ ಒಂದು ಘನ ಮೀಟರ್, 35.31 ಕ್ಯೂಸೆಕ್‌ಗೆ ಸಮ.
- 1 ಟಿಎಂಸಿ ಎಂದರೆ ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್, ಅಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಸುಮಾರು 2,832 ಕೋಟಿ.
- 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ.
- 1 ಕ್ಯೂಸೆಕ್ ಒಂದು ದಿನ ಹರಿದರೆ ಎರಡು ಎಕರೆಯಲ್ಲಿ ಹತ್ತಿರ ಹತ್ತಿರ ಒಂದು ಅಡಿ ನೀರು ನಿಲ್ಲುತ್ತದೆ. ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು.

ಕೊನೆಯದು ನಾಲೆ ನೀರಿನ ರೈತರಿಗೆ ಬಹಳ ಉಪಯೋಗದ ಲೆಕ್ಕ. ಗದ್ದೆಗೆ ದಿನಕ್ಕೆ 10 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ತೂಬಿನ ಬಾಯಲ್ಲಿ ಸಿಗುವ ಒಂದು ಕ್ಯೂಸೆಕ್ ಸುಮಾರು 60 ಎಕರೆಯನ್ನು ಸಂಭಾಳಿಸುತ್ತದೆ. ನಾಲೆಯ ತಲೆಯಲ್ಲಿ ಬಿಟ್ಟ ಒಂದು ಕ್ಯೂಸೆಕ್ ಅಷ್ಟನ್ನು ಸಂಭಾಳಿಸದು. ಸೋರಿಕೆ, ಇಂಗುವಿಕೆ ಕಳೆದು ಉಳಿದದ್ದಷ್ಟೇ ಕೊನೆಯ ಭಾಗದ ಗದ್ದೆಗೆ ತಲುಪುತ್ತದೆ.

ಕ್ಯೂಸೆಕ್‌ನಿಂದ ಟಿಎಂಸಿಗೆ

ಮೊದಲು ಹರಿವು ಎಷ್ಟು ದಿನ ಇತ್ತು ಎಂಬುದನ್ನು ಖಚಿತ ಮಾಡಿಕೊಳ್ಳಿ. ಆಮೇಲೆ ಕ್ಯೂಸೆಕ್ ಅಂಕಿಯನ್ನು ದಿನಗಳಿಂದ ಗುಣಿಸಿ 11,574ರಿಂದ ಭಾಗಿಸಿ. 5,000 ಕ್ಯೂಸೆಕ್ 15 ದಿನ ಹರಿದರೆ 75,000 ಭಾಗಿಸು 11,574, ಅಂದರೆ 6.48 ಟಿಎಂಸಿ. ಬಾಯಿಲೆಕ್ಕಕ್ಕೆ ಹನ್ನೊಂದೂವರೆ ಸಾವಿರ ಎಂದು ಹಿಡಿದರೂ ಸಾಕು, ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ.

ಹರಿವು ದಿನವಿಡೀ ಒಂದೇ ಸಮ ಇರಲಿಲ್ಲವಾದರೆ ಗಂಟೆಗಳ ಲೆಕ್ಕ ಹಾಕಬೇಕು. ಬೆಳಿಗ್ಗೆ ಎಂಟಕ್ಕೆ 40,000 ಕ್ಯೂಸೆಕ್ ಇದ್ದ ಹೊರಹರಿವನ್ನು ಮಧ್ಯಾಹ್ನ ಎರಡಕ್ಕೆ 10,000ಕ್ಕೆ ಇಳಿಸಿದರೆ, ಮೊದಲ 6 ಗಂಟೆಗೆ 40,000, ಉಳಿದ 18 ಗಂಟೆಗೆ 10,000. ಆ ದಿನದ ಸರಾಸರಿ 17,500 ಕ್ಯೂಸೆಕ್, ಹೋದ ನೀರು 1.51 ಟಿಎಂಸಿ. ಎರಡನ್ನೂ ಕೂಡಿ ಅರ್ಧ ಮಾಡಿ 25,000 ಎಂದರೆ 2.16 ಟಿಎಂಸಿ ಬರುತ್ತದೆ. ಸುಮಾರು 0.65 ಟಿಎಂಸಿಯ ಈ ವ್ಯತ್ಯಾಸ ಕಾಗದದ ಮೇಲೆ ಮಾತ್ರ ಹರಿದ ನೀರು.

ತಿರುಗು ಲೆಕ್ಕವೂ ಬೇಕಾಗುತ್ತದೆ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಾಮಾನ್ಯ ಮಳೆಯ ವರ್ಷದಲ್ಲಿ ಕರ್ನಾಟಕ ತಮಿಳುನಾಡು ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ 177.25 ಟಿಎಂಸಿ ನೀರು ಹರಿಸಬೇಕೆಂದು ನಿಗದಿ ಮಾಡಿತು. ಅದನ್ನು 365 ದಿನಕ್ಕೆ ಹಂಚಿದರೆ ಸುಮಾರು 5,620 ಕ್ಯೂಸೆಕ್. ಆದರೆ ಈ ಸರಾಸರಿಯಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ನೀರು ಹಂಚಿಕೆಯಾಗಿರುವುದು ತಿಂಗಳವಾರು. ಆಗಸ್ಟ್ ತಿಂಗಳ ಪಾಲು 45.95 ಟಿಎಂಸಿ. ಇದನ್ನು 11,574ರಿಂದ ಗುಣಿಸಿ 31ರಿಂದ ಭಾಗಿಸಿದರೆ ಸುಮಾರು 17,150 ಕ್ಯೂಸೆಕ್. ಫೆಬ್ರುವರಿಯ ಪಾಲು 2.5 ಟಿಎಂಸಿ, ಅಂದರೆ ಸುಮಾರು 1,030 ಕ್ಯೂಸೆಕ್. ಆಗಸ್ಟಿನಲ್ಲಿ ‘ಬರೇ ಐದು ಸಾವಿರ’ ಎಂದು ಒಂದು ಕಡೆಯವರಿಗೆ ಅನಿಸುವುದಕ್ಕೂ, ಮಳೆ ಕೈಕೊಟ್ಟ ವರ್ಷ ಅದೇ ಐದು ಸಾವಿರ ಇನ್ನೊಂದು ಕಡೆಯವರಿಗೆ ಹೊರಲಾರದ ಭಾರವಾಗುವುದಕ್ಕೂ ಕಾರಣ ಈ ಲೆಕ್ಕದಲ್ಲೇ ಕಾಣುತ್ತದೆ.

ಪದ ಬಳಸುವಾಗ

‘ಜಲಾಶಯದಲ್ಲಿ 20 ಸಾವಿರ ಕ್ಯೂಸೆಕ್ ನೀರಿದೆ’ ಎಂಬ ವಾಕ್ಯಕ್ಕೆ ಅರ್ಥವಿಲ್ಲ. ನಿಂತ ನೀರಿಗೆ ಟಿಎಂಸಿ, ಹರಿಯುವ ನೀರಿಗೆ ಕ್ಯೂಸೆಕ್. ‘ಸೆಕೆಂಡಿಗೆ 5 ಸಾವಿರ ಕ್ಯೂಸೆಕ್’ ಎಂದರೆ ಸೆಕೆಂಡನ್ನು ಎರಡು ಸಲ ಹೇಳಿದಂತೆ. ‘ದಿನಕ್ಕೆ 5 ಸಾವಿರ ಕ್ಯೂಸೆಕ್’ ಎಂಬುದು ಇನ್ನೂ ಕೆಟ್ಟದ್ದು, ಓದುವವರು ಐದು ಸಾವಿರವನ್ನು ಇಡೀ ದಿನದ ಮೊತ್ತವೆಂದು ತಿಳಿಯುತ್ತಾರೆ. ‘15 ದಿನಗಳ ಕಾಲ 5 ಸಾವಿರ ಕ್ಯೂಸೆಕ್ ಪ್ರಮಾಣದಲ್ಲಿ, ಒಟ್ಟು 6.48 ಟಿಎಂಸಿ’ ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ. ‘ಕ್ಯೂಸೆಕ್ಸ್’ ಎಂದು ಬಹುವಚನ ಮಾಡುವ ಅಗತ್ಯವೂ ಇಲ್ಲ. ಹತ್ತು ಲೀಟರ್ ಎನ್ನುವಂತೆ ಹತ್ತು ಕ್ಯೂಸೆಕ್.

ಜಲಾಶಯದ ದಿನದ ವರದಿ ಓದುವುದು

ಪತ್ರಿಕೆಯ ಮೂಲೆಯಲ್ಲಿ ಬರುವ ಪಟ್ಟಿಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಇರುತ್ತವೆ. ಮಟ್ಟಗಳನ್ನು ಒಂದು ಜಲಾಶಯದಿಂದ ಇನ್ನೊಂದಕ್ಕೆ ಹೋಲಿಸಬೇಡಿ. ಕೆಆರ್‌ಎಸ್‌ನ 124.80 ಅಡಿ ನದಿಯ ತಳದಿಂದ ಎಣಿಸಿದ್ದು. ಕಬಿನಿಯ 2,284 ಅಡಿ ಮತ್ತು ಆಲಮಟ್ಟಿಯ 519.60 ಮೀಟರ್ ಸಮುದ್ರಮಟ್ಟದಿಂದ ಎಣಿಸಿದ್ದು.

ಮಟ್ಟದಿಂದ ಸಂಗ್ರಹ ತಿಳಿಯಲು ಪ್ರತಿ ಜಲಾಶಯಕ್ಕೂ ಅದರದೇ ಕೋಷ್ಟಕವಿದೆ. ಬಟ್ಟಲಿನಂತೆ ಮೇಲೆ ಹೋದಷ್ಟೂ ಜಲಾಶಯ ಅಗಲವಾಗುವುದರಿಂದ ಕೆಳಗಿನ ಒಂದು ಅಡಿಯಲ್ಲಿ ಹಿಡಿಸುವ ನೀರಿಗಿಂತ ಮೇಲಿನ ಒಂದು ಅಡಿಯಲ್ಲಿ ಹಿಡಿಸುವ ನೀರು ಎಷ್ಟೋ ಪಟ್ಟು ಹೆಚ್ಚು. ಹೂಳು ತುಂಬಿದಂತೆ ಈ ಕೋಷ್ಟಕವೂ ಬದಲಾಗಬೇಕು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಈಗಿನ ಸಾಮರ್ಥ್ಯವನ್ನು 105.79 ಟಿಎಂಸಿ ಎಂದು ಲೆಕ್ಕ ಹಿಡಿಯುತ್ತಾರೆ.

ಹೊರಹರಿವನ್ನು ಗೇಟುಗಳು ಎಷ್ಟು ಎತ್ತರ ತೆರೆದಿವೆ, ಅವುಗಳ ಹಿಂದೆ ಎಷ್ಟು ನೀರು ನಿಂತಿದೆ ಎಂಬುದರಿಂದ ಲೆಕ್ಕ ಹಾಕುತ್ತಾರೆ. ಒಳಹರಿವಿನ ಕಥೆ ಬೇರೆ. ಜಲಾಶಯಕ್ಕೆ ನೂರಾರು ಹಳ್ಳಗಳು ಸೇರುತ್ತವೆ, ಎಲ್ಲಕ್ಕೂ ಮಾಪಕ ಇಡಲಾಗದು. ಆದ್ದರಿಂದ ಒಳಹರಿವು ಸಾಮಾನ್ಯವಾಗಿ ಅಳೆದ ಅಂಕಿಯಲ್ಲ, ಜಮಾಖರ್ಚಿನಿಂದ ತೆಗೆದ ಅಂಕಿ. ನಿನ್ನೆ ಬೆಳಿಗ್ಗೆ ಸಂಗ್ರಹ 30.00 ಟಿಎಂಸಿ ಇತ್ತು, ಇಂದು 30.90 ಇದೆ, ಈ ನಡುವೆ 2,000 ಕ್ಯೂಸೆಕ್ ಹೊರಗೆ ಹೋಗಿದೆ ಎಂದುಕೊಳ್ಳಿ. ಹೆಚ್ಚಾದ 0.90 ಟಿಎಂಸಿ ಎಂದರೆ 10,417 ಕ್ಯೂಸೆಕ್. ಅದಕ್ಕೆ ಹೊರಹೋದ 2,000 ಕೂಡಿದರೆ ಒಳಹರಿವು 12,417. ಆವಿಯಾದದ್ದನ್ನೂ ಸೇರಿಸಬೇಕು. ನೂರು ಚದರ ಕಿಲೋಮೀಟರ್ ನೀರಿನ ಹರವಿನಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಅದು ಸುಮಾರು 200 ಕ್ಯೂಸೆಕ್.

ಎಡವಟ್ಟಾಗುವುದು ಇಲ್ಲೇ. ಅದೇ ನೂರು ಚದರ ಕಿಲೋಮೀಟರ್ ಹರವಿನಲ್ಲಿ ಗಾಳಿಗೆ ಎದ್ದ ಅಲೆಯಿಂದ ಮಟ್ಟವನ್ನು 0.05 ಅಡಿ, ಅಂದರೆ ಅರ್ಧ ಇಂಚಿಗೆ ತುಸು ಹೆಚ್ಚು, ತಪ್ಪಾಗಿ ಓದಿದರೆ ದಿನದ ಒಳಹರಿವಿನಲ್ಲಿ 620 ಕ್ಯೂಸೆಕ್ ಏರುಪೇರಾಗುತ್ತದೆ. ಲೆಕ್ಕವನ್ನು ಆರು ಗಂಟೆಗೊಮ್ಮೆ ಹಾಕಿದರೆ ಅದೇ ತಪ್ಪು ನಾಲ್ಕು ಪಟ್ಟಾಗಿ 2,500 ಕ್ಯೂಸೆಕ್ ಹತ್ತಿರ ಬರುತ್ತದೆ. ಬೇಸಿಗೆಯಲ್ಲಿ ಒಳಹರಿವು ಒಂದು ದಿನ 800, ಮರುದಿನ 90, ಅದರ ಮರುದಿನ 700 ಎಂದು ಕುಣಿಯುತ್ತಿದ್ದರೆ ನದಿ ಕುಣಿಯುತ್ತಿದೆ ಎಂದಲ್ಲ. ಐದು ದಿನದ ಸರಾಸರಿ ತೆಗೆಯಿರಿ, ನಿಜವಾದ ಹರಿವಿನ ಅಂದಾಜು ಸಿಗುತ್ತದೆ.

ದೊಡ್ಡ ಅಂಕಿಯ ತೂಕ ಅರಿಯಲು ಒಂದು ಉದಾಹರಣೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ನುಗ್ಗುತ್ತಿತ್ತು. ದಿನಕ್ಕೆ ಮೂರು ಟಿಎಂಸಿ, ಒಂದೇ ಗೇಟಿನಿಂದ. ಉಳಿದ ಗೇಟುಗಳನ್ನೂ ತೆರೆದು ಮಟ್ಟ ಇಳಿಸದೆ ದುರಸ್ತಿಗೆ ಕೈ ಹಾಕುವಂತಿರಲಿಲ್ಲ.

ಹಳ್ಳದ ಹರಿವನ್ನು ನೀವೇ ಅಳೆಯುವುದು

ಬೇಕಾಗುವುದು ಹಗ್ಗ, ಅಳತೆ ಟೇಪು, ಅಡಿ ಗುರುತು ಹಾಕಿದ ಕೋಲು, ಸ್ಟಾಪ್‌ವಾಚ್ ಇರುವ ಮೊಬೈಲ್, ಒಂದಷ್ಟು ತೇಲುವ ವಸ್ತುಗಳು. ಇಬ್ಬರು ಇರಲೇಬೇಕು. ಅಡಿಯಲ್ಲಿ ಅಳೆದ ಆಳವನ್ನು ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಹತ್ತು ಮುಟ್ಟುವಂತಿದ್ದರೆ ನೀರಿಗೆ ಇಳಿಯಲೇಬೇಡಿ. ಈಜು ಬಾರದವರಿಗೆ ಐದೂ ಹೆಚ್ಚೇ. ಅಣೆಕಟ್ಟೆಯ ಕೆಳಗಿನ ಪಾತ್ರದಲ್ಲಿ ನೀರು ಎಷ್ಟೇ ಕಡಿಮೆ ಕಂಡರೂ ಇಳಿಯಬಾರದು, ಅಲ್ಲಿ ನೀರು ಏರಲು ಮಳೆಯೇ ಬರಬೇಕೆಂದಿಲ್ಲ.

1. ಜಾಗ ಆರಿಸಿ. ಕನಿಷ್ಠ 50 ಅಡಿ ನೇರವಾಗಿ, ಹೆಚ್ಚುಕಡಿಮೆ ಒಂದೇ ಅಗಲದಲ್ಲಿ ಹರಿಯುವ ಕಡೆ ನೋಡಿ. ಬಂಡೆ, ಜೊಂಡು, ಸುಳಿ, ತಿರುವು ಬೇಡ. ತೇಲುವಸ್ತು ಈ ದೂರ ಸಾಗಲು 20 ಸೆಕೆಂಡಾದರೂ ಹಿಡಿಯಬೇಕು. ಅದಕ್ಕಿಂತ ಬೇಗ ಹೋದರೆ ದೂರ ಹೆಚ್ಚಿಸಿ, ಇಲ್ಲದಿದ್ದರೆ ಗಡಿಯಾರ ಒತ್ತುವಾಗಿನ ಅರ್ಧ ಸೆಕೆಂಡಿನ ತಡವೂ ದೊಡ್ಡ ತಪ್ಪಾಗುತ್ತದೆ.

2. ಹಗ್ಗ ಕಟ್ಟಿ. ಹರಿವಿಗೆ ಸರಿಯಾಗಿ ಅಡ್ಡಲಾಗಿರಬೇಕು. ಓರೆಯಾದರೆ ಅಗಲ ಹೆಚ್ಚು ಬರುತ್ತದೆ. ಎರಡು ಅಡಿಗೊಂದು ಗಂಟು ಹಾಕಿಕೊಂಡರೆ ಆಳ ನೋಡಲು ಅನುಕೂಲ.

3. ಆಳ ನೋಡಿ. ಕೋಲಿನ ತುದಿ ಚೂಪಾಗಿದ್ದರೆ ಕೆಸರಿಗೆ ಇಳಿದು ಇಲ್ಲದ ಆಳ ತೋರಿಸುತ್ತದೆ, ತುದಿಗೆ ಚಪ್ಪಟೆ ಹಲಗೆಯ ತುಂಡು ಹೊಡೆಯಿರಿ. ರಭಸವಿದ್ದಲ್ಲಿ ಕೋಲಿನ ಮುಂದೆ ನೀರು ಏರಿ ಹಿಂದೆ ತಗ್ಗುತ್ತದೆ, ಪಕ್ಕದಿಂದ ಓದಿ.

4. ತೇಲಿಬಿಡಿ. ಮುಕ್ಕಾಲು ಭಾಗ ನೀರು ತುಂಬಿಸಿ ಮುಚ್ಚಳ ಹಾಕಿದ ಸಣ್ಣ ಬಾಟಲಿ ಒಳ್ಳೆಯದು. ಅದು ಬಹುಪಾಲು ಮುಳುಗಿ ಸಾಗುವುದರಿಂದ ಗಾಳಿ ತಳ್ಳುವುದಿಲ್ಲ. ಎಲೆ, ಥರ್ಮೊಕೋಲು ಬೇಡ. ಆರಂಭದ ಗೆರೆಗಿಂತ ಹತ್ತು ಅಡಿ ಮೇಲೆ ಬಿಡಿ, ಗೆರೆ ಮುಟ್ಟುವ ಹೊತ್ತಿಗೆ ಅದು ನೀರಿನ ವೇಗಕ್ಕೆ ಬಂದಿರುತ್ತದೆ. ಎಡ, ನಡು, ಬಲ ಮೂರೂ ಕಡೆ ಬಿಡಿ, ಒಂದೊಂದು ಕಡೆ ಮೂರು ಸಲವಾದರೂ.

ಈಗ ಲೆಕ್ಕ. ಹಳ್ಳದ ಅಗಲ 12 ಅಡಿ. ದಡದಿಂದ ದಡಕ್ಕೆ ಎರಡೆರಡು ಅಡಿಗೆ ಸಿಕ್ಕ ಆಳ: 0, 0.8, 1.4, 1.9, 1.6, 0.9, 0 ಅಡಿ. ಆಳಗಳ ಮೊತ್ತ 6.6. ಅಂತರ ಎರಡು ಅಡಿ ಆದ್ದರಿಂದ ಕ್ಷೇತ್ರ 13.2 ಚದರ ಅಡಿ. ಇಲ್ಲಿ ಬಹಳ ಮಂದಿ 6.6ನ್ನು ಐದರಿಂದ ಭಾಗಿಸಿ ಸರಾಸರಿ ಆಳ 1.32 ಎಂದು ಹಿಡಿದು, 12ರಿಂದ ಗುಣಿಸಿ 15.84 ಎನ್ನುತ್ತಾರೆ. ದಡದ ಬಳಿ ಆಳ ಸೊನ್ನೆಗಿಳಿಯುವುದನ್ನು ಮರೆತ ಲೆಕ್ಕ ಅದು. ಹಗ್ಗದ ಮೇಲೆ ಆರು ತುಂಡುಗಳಿವೆ, ಭಾಗಿಸಬೇಕಾದದ್ದು ಆರರಿಂದ.

50 ಅಡಿ ಸಾಗಲು ಎಡದಲ್ಲಿ 38 ಸೆಕೆಂಡು, ನಡುವೆ 29, ಬಲದಲ್ಲಿ 36 ಹಿಡಿಯಿತು. ವೇಗಗಳು 1.32, 1.72, 1.39. ಸರಾಸರಿ ಸೆಕೆಂಡಿಗೆ 1.48 ಅಡಿ. ಇದು ಮೇಲ್ಮೈ ವೇಗ. ತಳದ ಕಲ್ಲು ಮಣ್ಣು ನೀರನ್ನು ಹಿಡಿದೆಳೆಯುವುದರಿಂದ ಒಳಗಿನ ನೀರು ಇಷ್ಟು ಬೇಗ ಸಾಗುವುದಿಲ್ಲ. ಅದಕ್ಕಾಗಿ 0.85ರಿಂದ ಗುಣಿಸುವುದು ವಾಡಿಕೆ. ಆಳ ಒಂದು ಅಡಿಗೂ ಕಡಿಮೆ ಇದ್ದು ತಳವೆಲ್ಲ ಉರುಟು ಕಲ್ಲಾಗಿದ್ದರೆ 0.7ರ ಆಸುಪಾಸು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ 1.48 × 0.85 × 13.2, ಅಂದರೆ ಸುಮಾರು 16.6 ಕ್ಯೂಸೆಕ್, ಸೆಕೆಂಡಿಗೆ 470 ಲೀಟರ್.

ಅದೇ ಹಳ್ಳದಲ್ಲಿ ನಡುವಿನ ವೇಗ ಮಾತ್ರ ಹಿಡಿದು, 0.85 ಬಿಟ್ಟು, ಕ್ಷೇತ್ರವನ್ನು 15.84 ಎಂದರೆ ಉತ್ತರ 27.3 ಕ್ಯೂಸೆಕ್. ಮೂರು ಚಿಕ್ಕ ತಪ್ಪುಗಳೂ ಒಂದೇ ದಿಕ್ಕಿಗೆ ವಾಲಿ ಇಲ್ಲದ ನೀರನ್ನು ಮೂರರಲ್ಲಿ ಎರಡು ಪಾಲಿನಷ್ಟು ಹೆಚ್ಚು ತೋರಿಸಿದವು. ಇಂಥ ಅಂಕಿ ನಂಬಿ ಕಿರು ಅಣೆಕಟ್ಟೋ ಏತ ನೀರಾವರಿಯೋ ಯೋಜಿಸಿದರೆ ಮೊದಲ ಬೇಸಿಗೆಯಲ್ಲೇ ಪಂಪು ಒಣಗಿ ನಿಲ್ಲುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ತೇಲುವಸ್ತುವಿನ ಅಳತೆಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಅಳುಕು ಉಳಿಯುತ್ತದೆ. ಹಾಗಾಗಿ 16.56 ಎಂದು ಬರೆಯಬೇಡಿ, ‘ಸುಮಾರು 14ರಿಂದ 19’ ಎನ್ನುವುದೇ ಪ್ರಾಮಾಣಿಕ ಅಂಕಿ. ಇನ್ನೂ ನಿಖರತೆ ಬೇಕಾದರೆ ಹಳ್ಳವನ್ನು ಮೂರು ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯ ಕ್ಷೇತ್ರವನ್ನು ಅದರದೇ ವೇಗದಿಂದ ಗುಣಿಸಿ ಕೂಡಿಸಿ.

ಈ 16.6 ಕ್ಯೂಸೆಕ್ ಹಳ್ಳ ಒಂದು ಟಿಎಂಸಿ ಹರಿಸಲು 697 ದಿನ ಬೇಕು. ಟಿಎಂಸಿ ಎಷ್ಟು ದೊಡ್ಡದೆಂದು ದಂಡೆಯ ಮೇಲೆ ನಿಂತಾಗಲೇ ತಿಳಿಯುವುದು.

ಸಣ್ಣ ತೊರೆಗೆ ವಿ-ನಾಚ್

ಅರೆ ಕ್ಯೂಸೆಕ್ಕೂ ಇಲ್ಲದ ತೊರೆಯಲ್ಲಿ ಬಾಟಲಿ ತೇಲಿಸುವುದು ವ್ಯರ್ಥ. ತಗಡು ಅಥವಾ ಹಲಗೆಯಲ್ಲಿ 90 ಡಿಗ್ರಿಯ ‘ವಿ’ ಆಕಾರ ಕತ್ತರಿಸಿ ಅಡ್ಡ ನಿಲ್ಲಿಸಿ, ನೀರೆಲ್ಲ ಅದರಿಂದಲೇ ಬೀಳುವಂತೆ ಬದಿಗಳನ್ನು ಜೇಡಿಮಣ್ಣಿನಿಂದ ಮೆತ್ತಿ. ‘ವಿ’ಯ ತಳದಿಂದ ನೀರಿನ ಮಟ್ಟ ಅರ್ಧ ಅಡಿ ಇದ್ದರೆ ಹರಿವು 0.45 ಕ್ಯೂಸೆಕ್, ಒಂದು ಅಡಿ ಇದ್ದರೆ 2.49. ಎತ್ತರ ಎರಡರಷ್ಟಾದರೆ ಹರಿವು ಐದೂವರೆ ಪಟ್ಟು. ಹೀಗಿರುವಾಗ ಕಾಲು ಇಂಚು ತಪ್ಪಿದರೂ ಲೆಕ್ಕ ಕೆಡುತ್ತದೆ. ಎತ್ತರವನ್ನು ನಾಚ್‌ನ ಬಾಯಲ್ಲಿ ಓದಬಾರದು, ಅಲ್ಲಿ ನೀರು ಆಗಲೇ ಬಾಗಿರುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟು ದೂರ ಹಿಂದೆ ಗೂಟ ನೆಟ್ಟು ಅಲ್ಲಿ ಓದಿ. ಬಿದ್ದ ನೀರು ಕೆಳಗೆ ನಿಂತು ‘ವಿ’ಯ ತಳ ಮುಟ್ಟುವಂತಿದ್ದರೆ ಹಲಗೆಯನ್ನು ಎತ್ತರಿಸಿ.

ದೊಡ್ಡ ನದಿಯಲ್ಲಿ

ಕೇಂದ್ರ ಜಲ ಆಯೋಗದ ಬಿಳಿಗುಂಡ್ಲು ಮಾಪನ ಕೇಂದ್ರದಂಥ ಕಡೆಯೂ ಮೂಲ ವಿಧಾನ ಹಳ್ಳದ್ದೇ, ಸಾಧನ ಬೇರೆ. ನದಿಯನ್ನು ಅಡ್ಡಲಾಗಿ ಇಪ್ಪತ್ತು ಇಪ್ಪತ್ತೈದು ಪಟ್ಟಿಗಳಾಗಿ ಭಾಗಿಸುವುದು ಒಳ್ಳೆಯ ಪದ್ಧತಿ. ಪ್ರತಿ ಪಟ್ಟಿಯಲ್ಲಿ ಕರೆಂಟ್ ಮೀಟರ್, ಅಂದರೆ ನೀರಿನ ವೇಗ ಅಳೆಯುವ ಸಾಧನ, ಇಳಿಸಿ ನೋಡುತ್ತಾರೆ. ಆಳ ಕಡಿಮೆ ಇದ್ದರೆ ಮೇಲಿನಿಂದ ಹತ್ತರಲ್ಲಿ ಆರು ಪಾಲು ಆಳದಲ್ಲಿ ಒಂದು ಅಳತೆ, ಹೆಚ್ಚಿದ್ದರೆ ಎರಡು ಪಾಲು ಮತ್ತು ಎಂಟು ಪಾಲು ಆಳದಲ್ಲಿ ಎರಡು ಅಳತೆಗಳ ಸರಾಸರಿ. ಇಡೀ ಪಟ್ಟಿಯ ಸರಾಸರಿ ವೇಗಕ್ಕೆ ಇದು ಬಹಳ ಹತ್ತಿರ ಬರುತ್ತದೆ.

ಆದರೆ ಗಂಟೆಗೊಮ್ಮೆ ಹೀಗೆ ಅಳೆಯಲಾಗದು. ಅದಕ್ಕೆ ಬೇರೆ ಬೇರೆ ಮಟ್ಟದಲ್ಲಿ ಅಳೆದ ಹರಿವುಗಳನ್ನು ಚುಕ್ಕೆ ಹಾಕಿ ಒಂದು ರೇಖೆ ಎಳೆಯುತ್ತಾರೆ, ಇದೇ ರೇಟಿಂಗ್ ಕರ್ವ್. ಆಮೇಲೆ ಗೇಜ್ ಪಟ್ಟಿಯ ಮಟ್ಟ ಓದಿದರೆ ಸಾಕು, ಹರಿವು ರೇಖೆಯಿಂದ ಸಿಗುತ್ತದೆ. ದೊಡ್ಡ ಪ್ರವಾಹ ಬಂದು ತಳ ಕೊರೆದರೆ ಅಥವಾ ಮರಳು ತುಂಬಿದರೆ, ಇಲ್ಲವೇ ಮರಳೆತ್ತುವವರು ಪಾತ್ರವನ್ನೇ ಬದಲಿಸಿದರೆ ಆ ರೇಖೆ ಸುಳ್ಳಾಗುತ್ತದೆ. ಅಳೆದ ಅತಿ ಎತ್ತರದ ಮಟ್ಟಕ್ಕಿಂತ ಮೇಲೆ ರೇಖೆಯನ್ನು ಅಂದಾಜಿನಲ್ಲಿ ಎಳೆದಿರುತ್ತಾರೆ. ಹಾಗಾಗಿ ಮಹಾಪ್ರವಾಹದ ಕ್ಯೂಸೆಕ್ ಅಂಕಿಗಳಲ್ಲೇ ಅಂದಾಜಿನ ಪಾಲು ಹೆಚ್ಚು.

ಕೆಆರ್‌ಎಸ್ ಹೊರಹರಿವಿನ ಅಂಕಿಯನ್ನೂ ಅದೇ ದಿನದ ಬಿಳಿಗುಂಡ್ಲು ಅಂಕಿಯನ್ನೂ ಪಕ್ಕಪಕ್ಕ ಇಟ್ಟು ‘ಎಲ್ಲಿ ಹೋಯಿತು ನೀರು’ ಎಂದು ಕೇಳುವುದೂ ಸರಿಯಲ್ಲ. ನಡುವೆ ಕಬಿನಿ, ಶಿಂಷಾ, ಅರ್ಕಾವತಿ ಸೇರುತ್ತವೆ, ನಾಲೆಗಳೂ ಪಂಪುಗಳೂ ಎತ್ತಿಕೊಳ್ಳುತ್ತವೆ, ಬಿಟ್ಟ ನೀರು ಅಷ್ಟು ದೂರ ಸಾಗಲು ಸಮಯವೂ ಹಿಡಿಯುತ್ತದೆ.

ಬರೆದಿಡುವುದು

ಹಳ್ಳದ ಅಳತೆ ಮುಗಿದ ಮೇಲೆ ಕ್ಯೂಸೆಕ್ ಅಂಕಿ ಒಂದನ್ನೇ ಬರೆದಿಟ್ಟರೆ ಆರು ತಿಂಗಳ ಬಳಿಕ ಅದರಿಂದ ಪ್ರಯೋಜನವಿಲ್ಲ. ದಿನಾಂಕ, ಗಂಟೆ, ಹಿಂದಿನ ಎರಡು ದಿನದ ಮಳೆ, ಆಳದ ಎಲ್ಲ ಅಂಕಿಗಳು, ಪ್ರತಿ ಸಲ ಹಿಡಿದ ಸೆಕೆಂಡು, ಬಳಸಿದ ಗುಣಾಂಕ ಎಲ್ಲವನ್ನೂ ಬರೆಯಿರಿ. ಜತೆಗೆ ಅಲ್ಲಾಡದ ಬಂಡೆಯ ಮೇಲೋ ಸೇತುವೆಯ ಕಂಬದ ಮೇಲೋ ಬಣ್ಣದಲ್ಲಿ ಒಂದು ಗೆರೆ ಎಳೆದು, ನೀರು ಅದಕ್ಕಿಂತ ಎಷ್ಟು ಇಂಚು ಕೆಳಗಿದೆ ಎಂದು ಗುರುತಿಸಿ. ಮಳೆಗಾಲದ ಮೊದಲು ಒಮ್ಮೆ, ನಡುವೆ ಎರಡು ಮೂರು ಸಲ, ನೀರು ಇಳಿಯುವಾಗ ಒಮ್ಮೆ ಅದೇ ಜಾಗದಲ್ಲಿ ಅಳೆದರೆ ನಿಮ್ಮ ಹಳ್ಳಕ್ಕೂ ಒಂದು ರೇಟಿಂಗ್ ಕರ್ವ್ ಸಿದ್ಧವಾಗುತ್ತದೆ. ಆಮೇಲೆ ತಳ ಬದಲಾಗುವವರೆಗೂ ಬಂಡೆಯ ಗೆರೆಯನ್ನು ನೋಡಿಯೇ ಕ್ಯೂಸೆಕ್ ಹೇಳಬಹುದು.